ಕೊಡೆ ನೋಡಿ ಮರುಳಾಗ್ಬೇಡಿ, ಬುಡ ಅಗೆದು ನೋಡಿ: ನಮ್ಮ ಸೀಮೆಯ ಕಾಡಣಬೆ ಗುರುತಿಸೋ ಬಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಅಣಬೆ ಎಕ್ಸ್‌ಪರ್ಟ್ ಅಲ್ಲ. ಮಧುಗಿರಿ ಕಡೆ ಹಳ್ಳೀಲಿ ಹುಟ್ಟಿ ಈಗ ತುಮಕೂರಲ್ಲಿ ಮನೆ ಮಾಡ್ಕೊಂಡಿರೋನು, ಚಿಕ್ಕಂದಿನಲ್ಲಿ ಅಜ್ಜಿ ಹಿಂದೆ ಹೊಲ, ಬದು, ಗುಡ್ಡದ ತಪ್ಪಲು ಸುತ್ತಿ ಹುತ್ತದಣಬೆ ಕಿತ್ತಿದೀನಿ, ದೊಡ್ಡವನಾದ್ಮೇಲೆ ಒಂದ್ಸಲ ತಪ್ಪು ಅಣಬೆ ತಿಂದು ರಾತ್ರಿಯೆಲ್ಲಾ ಡ್ರಿಪ್ ಹಾಕಿಸ್ಕೊಂಡು ಮಲಗಿದೀನಿ. ಈ ಎರಡೂ ಸೇರಿ ನನ್ನ ಕ್ವಾಲಿಫಿಕೇಶನ್.

ಆ ತಪ್ಪು ಅಣಬೆ ಕಥೆ ಮೊದಲು ಹೇಳ್ತೀನಿ, ಯಾಕಂದ್ರೆ ಅದ್ರಿಂದ್ಲೇ ನಾನು ಕಲಿತಿದ್ದು. ನಮ್ಮ ಲೇಔಟಲ್ಲಿ ಪಾರ್ಕ್ ಅಂತ ಬಿಟ್ಟಿರೋ ಜಾಗ ಇದೆ, ಹುಲ್ಲು ಬೆಳ್ಕೊಂಡಿದೆ, ಸೆಪ್ಟೆಂಬರ್ ಮಳೆ ಎರಡು ದಿನ ಹಿಡ್ದು ಬಿಟ್ಟಿತ್ತು, ಬೆಳಗ್ಗೆ ವಾಕಿಂಗ್ ಹೋದ್ರೆ ಅಂಗೈ ಅಗಲದ ಬಿಳೀ ಅಣಬೆಗಳು, ಮೇಲೆ ಕಂದು ಚುಕ್ಕೆ, ಗುಂಡಗೆ ಸಾಲಾಗಿ ನಿಂತಿವೆ. ಚಿಕ್ಕಪ್ಪನ ಮಗ ಜೊತೇಲಿದ್ದ, "ಅಣ್ಣ, ಇದು ನಮ್ಮೂರ ಹುತ್ತದಣಬೆನೇ ಕಣೋ, ಅಜ್ಜಿ ಮಾಡ್ತಿದ್ದ ಸಾರು ನೆನಪಾಗ್ತೈತೆ" ಅಂದ. ನನಗೂ ಬಾಯಲ್ಲಿ ನೀರು. ಕತ್ತು ಹಿಡ್ದು ಮುರಿದು ಕವರಿಗೆ ಹಾಕ್ಕೊಂಡು ಬಂದ್ವಿ. ಮಧ್ಯಾಹ್ನ ಮುದ್ದೆ ಜೊತೆ ಹೊಡ್ದಿದ್ದೇ, ಎರಡು ಗಂಟೆ ಒಳಗೆ ಇಬ್ರಿಗೂ ಶುರುವಾಯ್ತು, ಮೇಲೂ ಕೆಳಗೂ, ಹೊಟ್ಟೆ ಹಿಂಡಿ ಹಿಂಡಿ. ಆಸ್ಪತ್ರೇಲಿ ಡಾಕ್ಟ್ರು ಕೇಳಿದ ಮೊದಲನೇ ಪ್ರಶ್ನೆ "ಯಾವ ಅಣಬೆ ರೀ?" ನಾವು "ಬಿಳೀದು ಸಾರ್" ಅಂದ್ವಿ. ಅವರು ನಮ್ಮ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ತೋರ್ಸೋಕೆ ಒಂದು ತುಂಡೂ ಉಳ್ಸಿರ್ಲಿಲ್ಲ.

ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಎದ್ದಿತ್ತು. ಈ ಸಲ ತಿನ್ನೋಕಲ್ಲ, ನೋಡೋಕೆ ಒಂದು ತಂದೆ. ಕೊಡೇನ ಬಿಳಿ ಹಾಳೆ ಮೇಲೆ ಬೋರಲು ಹಾಕಿ ಬಟ್ಟಲು ಮುಚ್ಚಿ ಬೆಳಗ್ಗೆ ನೋಡಿದ್ರೆ ಹಾಳೆ ಮೇಲೆ ಮಾಸಲು ಹಸಿರು ಪುಡಿ. ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್, ಹಸಿರು ಪುಡಿ ಉದುರಿಸೋ ಅಣಬೆ. ಎಳೇದಿದ್ದಾಗ ಅಡಿಯ ಪದರ ಬೆಳ್ಳಗೇ ಇರುತ್ತೆ, ಬಲಿತ ಮೇಲೆ ಹಸಿರು ಛಾಯೆಗೆ ತಿರುಗುತ್ತೆ, ಕಾಲಿಗೆ ಮೇಲೆ ಕೆಳಗೆ ಜಾರಿಸಬಹುದಾದ ಒಂದು ಬಳೆ ಇರುತ್ತೆ. ಪಾರ್ಕು, ಸ್ಕೂಲ್ ಮೈದಾನ, ತಿಪ್ಪೆ ಹಾಕಿದ ತೋಟ, ಇವೇ ಅದ್ರ ಮನೆ. ಪ್ರಪಂಚದಲ್ಲಿ ಬಿಸಿಲು ಸೀಮೆ ಇರೋ ಕಡೆಯೆಲ್ಲಾ ಜನ ಹೊಟ್ಟೆ ಕೆಡಿಸ್ಕೊಳ್ಳೋದು ಹೆಚ್ಚಾಗಿ ಇದ್ರಿಂದ್ಲೇ. ಪುಣ್ಯಕ್ಕೆ ಇದು ಸಾಮಾನ್ಯವಾಗಿ ಜೀವ ತೆಗೆಯೋ ಜಾತಿ ಅಲ್ಲ, ಹಿಂಡಿ ಹಿಪ್ಪೆ ಮಾಡಿ ಬಿಡುತ್ತೆ ಅಷ್ಟೇ.

ಊರಿಗೆ ಹೋಗಿ ಅಜ್ಜಿ ಹತ್ರ ಹೇಳ್ದೆ. ಅಜ್ಜಿ ಕೇಳಿದ್ದು ಒಂದೇ, "ಬೇರು ಎಷ್ಟುದ್ದ ಇತ್ತು?" ಬೇರಾ? ನಾವು ಕತ್ತು ಮುರ್ಕೊಂಡು ಬಂದಿದ್ವಲ್ಲ. "ಮತ್ತೆ ಅಣಬೆ ಅಂತ ಎಂಗಂದೆ?" ಅಂತ ಸುಮ್ನಾದ್ಳು.

ಈ ಬರಹದ ತಿರುಳು ಇಷ್ಟೇ ಅನ್ಕೊಳ್ಳಿ. ನೂರು ಅಣಬೆ ಗುರುತು ಕಲಿಯೋಕೆ ಹೋಗ್ಬೇಡಿ, ಬಾಯಿಪಾಠ ಮಾಡಿದ ಗುರುತು ಕಾಡಲ್ಲಿ ಕೈ ಕೊಡುತ್ತೆ. ಒಂದೇ ಒಂದನ್ನ ಪೂರ್ತಿ ಕಲೀರಿ, ಬುಡದಿಂದ ಕೊಡೆ ತನಕ, ಅದೂ ತಿಳಿದೋರ ಜೊತೆ ಎರಡು ಮೂರು ಮಳೆಗಾಲ ಓಡಾಡಿ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ ಆ ಒಂದು ಅಂದ್ರೆ ಹುತ್ತದಣಬೆ. ಕೋಲಾರ, ಬಾಗೇಪಲ್ಲಿ ಕಡೆ ತೆಲುಗು ಮಾತಾಡೋರು ಪುಟ್ಟಗೊಡುಗು ಅಂತಾರೆ, ಪುಟ್ಟ ಅಂದ್ರೂ ಹುತ್ತನೇ, ಗೊಡುಗು ಅಂದ್ರೆ ಕೊಡೆ. ಇನ್ನು ಕಂಡಕಂಡಲ್ಲಿ ಏಳೋದನ್ನೆಲ್ಲಾ ನಮ್ಮೋರು ನಾಯಿಕೊಡೆ ಅಂದು ಕೈ ತೊಳ್ಕೊಂಡ್ಬಿಡ್ತಾರೆ, ಆ ಹೆಸರಲ್ಲೇ ಒಂದು ಎಚ್ಚರಿಕೆ ಇದೆ ನೋಡಿ.

ಹುತ್ತದಣಬೆ ಅಂದ್ರೆ ಏನು ಅಂತ ಸ್ವಲ್ಪ ವಿವರವಾಗಿ ಹೇಳ್ಬೇಕು, ಅರ್ಥ ಆದ್ರೆ ಗುರುತು ತಾನಾಗೇ ನೆನಪಿರುತ್ತೆ. ಇದ್ರ ಕುಲದ ಹೆಸರು ಟರ್ಮಿಟೋಮೈಸಿಸ್, 1942ರಲ್ಲಿ ರೋಜರ್ ಹೈಮ್ ಅನ್ನೋ ಫ್ರೆಂಚ್ ವಿಜ್ಞಾನಿ ಇಟ್ಟಿದ್ದು. ಗೆದ್ದಲು ಹೊರಗಿಂದ ಕಡ್ಡಿ ಕಸ ತಿಂದು ತಂದು ನೆಲದೊಳಗೆ ಸ್ಪಂಜಿನ ಥರ ತೂತು ತೂತಾದ ಗೂಡು ಕಟ್ಟುತ್ತೆ, ಅದ್ರ ಮೇಲೆ ಈ ಶಿಲೀಂಧ್ರ ಬೆಳೆಸುತ್ತೆ, ಮರದ ಗಟ್ಟಿ ಅಂಶನ ಶಿಲೀಂಧ್ರ ಅರಗಿಸಿ ಮೆತ್ತಗೆ ಮಾಡುತ್ತೆ, ಗೆದ್ದಲು ಅದನ್ನ ತಿನ್ನುತ್ತೆ. ಅಂದ್ರೆ ಒಳಗಡೆ ಬೇಸಾಯ ನಡೀತಿರುತ್ತೆ, ಸುಮಾರು 3 ಕೋಟಿ ವರ್ಷದಿಂದ. ನಾವು ರಾಗಿ ಬಿತ್ತೋಕೆ ಶುರು ಮಾಡಿದ್ದು ಮೊನ್ನೆ ಮೊನ್ನೆ ಅನ್ಬೇಕು. ಮಳೆ ಬಿದ್ದು ನೆಲ ತಂಪಾದಾಗ ಆ ಗೂಡಿಂದ ಅಣಬೆ ಮಣ್ಣು ಸೀಳ್ಕೊಂಡು ಮೇಲೆ ಬರುತ್ತೆ. ಗೂಡು ಎಷ್ಟು ಆಳದಲ್ಲಿದ್ಯೋ ಬೇರು ಅಷ್ಟುದ್ದ. ಅಜ್ಜಿ ಬೇರು ಕೇಳಿದ್ದು ಅದಕ್ಕೇ. ಕೊಡೆ ಇರೋ ಬೇರೆ ಅಣಬೆ ಹುತ್ತದ ಪಕ್ಕ ಎದ್ರೂ ಗೆದ್ದಲು ಗೂಡಿನ ತನಕ ಇಳಿಯೋ ಬೇರು ಸಾಮಾನ್ಯವಾಗಿ ಅದಕ್ಕಿರಲ್ಲ. ಇದನ್ನ ಬಟನ್ ಅಣಬೆ, ಸಿಂಪಿ ಅಣಬೆ ಥರ ಶೆಡ್ಡಲ್ಲಿ ಬೆಳೆಯೋಕೆ ಆಗದೇ ಇರೋದೂ ಇದಕ್ಕೇ, ಗೆದ್ದಲು ಇಲ್ದೆ ಇದು ಏಳಲ್ಲ. ಅಂದ ಹಾಗೆ ಆಫ್ರಿಕಾದ ಜಾಂಬಿಯಾ ಕಡೆ ಇದೇ ಕುಲದ ಒಂದು ಅಣಬೆ ಕೊಡೆ ಒಂದು ಮೀಟರ್ ಅಗಲ ಬೆಳೆಯುತ್ತಂತೆ, ಟೈಟಾನಿಕಸ್ ಅಂತ್ಲೇ ಹೆಸರು, ಒಂದೇ ಅಣಬೇಲಿ ಒಂದು ಮನೆ ಊಟ.

ಯಾವಾಗ ಹುಡುಕೋದು? ನಮ್ಮ ಕಡೆ ಎರಡು ಸಲ. ಒಂದು ಮುಂಗಾರು ಶುರುವಿನ ಮಳೆ, ಮೃಗಶಿರ, ಆರಿದ್ರ ಹೊತ್ತಿಗೆ. ಇನ್ನೊಂದು ಉತ್ತರೆ, ಹಸ್ತ ಮಳೆ ಬಿದ್ದಾಗ, ನಮ್ಮ ಮೂರೂ ಜಿಲ್ಲೆಗೆ ಜೋರು ಮಳೆ ಬರೋದೇ ಸೆಪ್ಟೆಂಬರ್ ಅಕ್ಟೋಬರಲ್ಲಿ ಅಲ್ವಾ. ಗುಡುಗಿದ್ರೆ ಅಣಬೆ ಏಳುತ್ತೆ ಅಂತ ಹಳಬರ ಮಾತು. ಗುಡುಗಿನ ಜೊತೆ ಬರೋ ಮಳೆ ನೆಲಾನ ಚೆನ್ನಾಗಿ ನೆನೆಸುತ್ತೆ, ಅದಾದ್ಮೇಲೆ ಬಿಸಿಲು ಕಾದು ಸೆಖೆ ಆಗುತ್ತೆ, ನನ್ನ ಪ್ರಕಾರ ಗುಟ್ಟು ಇರೋದು ಅಲ್ಲಿ. ಬೆಳಗ್ಗೆ ಬೇಗ ಹೋಗ್ಬೇಕು, ಬಿಸಿಲೇರಿದ್ರೆ ಕೊಡೆ ಅರಳಿ ಹರಿದು ಹುಳ ಬೀಳುತ್ತೆ.

ಬೇಗ ಅಂದ್ರೆ ಕತ್ತಲಲ್ಲೇ ಟಾರ್ಚ್ ಹಿಡ್ಕೊಂಡು ಹೋಗಿ ಅಂತಲ್ಲ ಮತ್ತೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರ್ಕೊಂಡಿತು ಅನ್ನೋ ಗಾದೆ ಸುಮ್ನೆ ಹುಟ್ಟಿಲ್ಲ. ಮಧುಗಿರಿ, ಪಾವಗಡ, ಶಿರಾ, ದೇವರಾಯನದುರ್ಗದ ಕಡೆ ಕರಡಿ ಕಾಟನೂ ಇದೆ, ಕರಡಿಗೆ ಗೆದ್ದಲು ಅಂದ್ರೆ ಪ್ರಾಣ, ನೀವು ಹುತ್ತದ ಈ ಕಡೆ ಬಗ್ಗಿದ್ರೆ ಅದು ಆ ಕಡೆ ಬಗ್ಗಿರಬಹುದು. ಬೆಳಕು ಹರಿದ ಮೇಲೆ, ಇಬ್ರು ಮೂವರು, ಗಟ್ಟಿ ಶೂ ಹಾಕ್ಕೊಂಡು, ಕೋಲು ತಟ್ಕೊಂಡು, ಮಾತಾಡ್ಕೊಂಡು ಹೋಗಿ. ಹುತ್ತದ ತೂತಿಗೆ ಕೈ ಹಾಕೋದು ಅಂತೂ ಬೇಡವೇ ಬೇಡ. ಅರಿಶಿನ ಕುಂಕುಮ ಹಾಕಿ ಪೂಜೆ ಮಾಡೋ ಹುತ್ತ ಆದ್ರೆ ಅಣಬೆ ಎದ್ದಿದ್ರೂ ಬಿಟ್ಬಿಡಿ, ಊರೋರ ಜೊತೆ ಜಗಳ ಯಾಕೆ.

ಎತ್ತರದ ಹುತ್ತ ಇದ್ರೇನೇ ಅಣಬೆ ಅಂತಿಲ್ಲ. ಎಷ್ಟೋ ಗೆದ್ದಲು ನೆಲದ ಮೇಲೆ ಏನೂ ಕಟ್ದೆ ಒಳಗೇ ಗೂಡು ಮಾಡಿರುತ್ತೆ, ಹಾಗಾಗಿ ಮಾವಿನ ತೋಪು, ತೆಂಗಿನ ತೋಟ, ಬದು, ಉಳದೆ ಬಿಟ್ಟ ಹೊಲ, ಇಲ್ಲೆಲ್ಲಾ ಬರೀ ಸಪಾಟು ನೆಲದಲ್ಲೇ ಏಳುತ್ತೆ. ಶ್ರೀನಿವಾಸಪುರದಲ್ಲಿ ನಮ್ಮ ಅತ್ತೆ ಮನೆ ಮಾವಿನ ತೋಪಲ್ಲಿ ಒಂದೇ ಜಾಗದಲ್ಲಿ ವರ್ಷಾ ವರ್ಷಾ ಏಳೋದು ನೋಡಿದೀನಿ, ಮಾವ ಆ ಜಾಗ ಯಾರಿಗೂ ಹೇಳಲ್ಲ, ಅಳಿಯ ನನಗೂ ಮದ್ವೆ ಆಗಿ ಆರನೇ ವರ್ಷಕ್ಕೆ ತೋರ್ಸಿದ್ದು.

ಈಗ ಕೀಳೋದು. ಕತ್ತು ಹಿಡ್ದು ಎಳೀಬೇಡಿ. ಪಿಕಾಸಿ ಗುದ್ದಲಿನೂ ಬೇಡ, ಒಂದು ಕುಡುಗೋಲೋ ಗಟ್ಟಿ ಕಡ್ಡಿನೋ ತಗೊಂಡು ಸುತ್ತ ಮಣ್ಣು ಬಿಡಿಸ್ಕೊಂಡು ಬೇರು ಹಿಡ್ಕೊಂಡು ಕೆಳಗೆ ಹೋಗಿ. ಗುಂಪಲ್ಲಿ ಒಂದನ್ನಾದ್ರೂ ಹೀಗೆ ಪೂರ್ತಿ ಬಿಡಿಸಿ ನೋಡ್ಲೇಬೇಕು. ಹುತ್ತದಣಬೆ ಆದ್ರೆ ಕಾಲು ನೆಲದ ಹತ್ರ ಸ್ವಲ್ಪ ದಪ್ಪ ಇದ್ದು ಆಮೇಲೆ ಸಣ್ಣಗಾಗ್ತಾ ಇಲಿ ಬಾಲದ ಥರ ಕೆಳಗಿಳಿಯುತ್ತೆ, ಗೇಣುದ್ದ, ಮೊಳದುದ್ದ, ಕೆಲವು ಸಲ ಇನ್ನೂ ಜಾಸ್ತಿ. ತುದಿ ತನಕ ಹೋಗಿ ಗೂಡು ಒಡೀಬೇಕಿಲ್ಲ, ಗೂಡು ಉಳಿದ್ರೆ ಮುಂದಿನ ವರ್ಷನೂ ಸಾರು. ಬೇರು ಸ್ಪಷ್ಟವಾಗಿ ಕೆಳಗೆ ಇಳೀತಾ ಇದೆ ಅಂತ ಗೊತ್ತಾದ್ರೆ ಸಾಕು. ಕಾಲಿನ ಬುಡ ಈರುಳ್ಳಿ ಗೆಡ್ಡೆ ಥರ ಉಬ್ಬಿ ಅಲ್ಲೇ ನಿಂತುಬಿಟ್ಟಿದ್ರೆ, ಅಥವಾ ಬುಡಕ್ಕೆ ಮೊಟ್ಟೆ ಚಿಪ್ಪು ಒಡೆದ ಹಾಗೆ ಬಿಳೀ ಚೀಲ ಅಂಟ್ಕೊಂಡಿದ್ರೆ, ಅಲ್ಲೇ ಬಿಟ್ಟು ಎದ್ದು ಬನ್ನಿ. ಆ ಚೀಲ ಅಮಾನಿಟಾ ಜಾತಿಯ ಗುರುತು, ಜಗತ್ತಲ್ಲಿ ಅಣಬೆ ತಿಂದು ಸಾಯೋರಲ್ಲಿ ಬಹಳ ಜನ ಸಾಯೋದು ಆ ಜಾತಿಯ ಕೆಲವು ಅಣಬೆಗಳಿಂದ. ಚೀಲ ಮಣ್ಣೊಳಗೇ ಇರುತ್ತೆ, ಕತ್ತು ಮುರ್ಕೊಂಡು ಬಂದೋರಿಗೆ ಕಾಣೋದೇ ಇಲ್ಲ.

ಬುಡ ಸರಿ ಹೋಯ್ತು ಅಂದ್ಮೇಲೆ ಮೇಲಕ್ಕೆ ಬನ್ನಿ. ಹುತ್ತದಣಬೆ ಕೊಡೆ ನಡುವೆ ಮೊನಚಾಗಿ ಒಂದು ಮೊಟ್ಟು ಇರುತ್ತೆ, ಮಣ್ಣು ತೂತು ಕೊರೆಯೋಕೆ ಅದೇ ಅದ್ರ ಹಾರೆ, ಗಟ್ಟಿ, ಸಾಮಾನ್ಯವಾಗಿ ಉಳಿದ ಕೊಡೆಗಿಂತ ಗಾಢ ಬಣ್ಣ. ಕೊಡೆ ಬಿಳಿ, ಬೂದು, ತಿಳಿ ಕಂದು, ಅಂಚು ಬಲಿತಾಗ ಸೀಳುತ್ತೆ. ಅಡಿಯ ಪದರ ಬಿಳಿ ಅಥವಾ ಕೆನೆ ಬಣ್ಣ, ಬಲಿತಾಗ ಚೂರು ಗುಲಾಬಿ ಛಾಯೆ, ಹಸಿರಂತೂ ಯಾವತ್ತೂ ಆಗಲ್ಲ. ಕಾಲು ಒಳಗೆ ಪೊಳ್ಳಲ್ಲ, ನಾರು ನಾರಾಗಿ ಗಟ್ಟಿ, ಸೀಳಿದ್ರೆ ಕೋಳಿ ಮಾಂಸದ ಥರ ಎಳೆ ಎಳೆ ಬರುತ್ತೆ. ಕಾಲಿಗೆ ಬಳೆ ಇರೋ ಜಾತಿ ಈ ಕುಲದಲ್ಲೂ ಇವೆ, ಆದ್ರೆ ಹೊಸಬರು ಬಳೆ ಕಂಡ್ರೆ ಬಿಟ್ಬಿಡೋದೇ ವಾಸಿ, ಒಂದು ಊಟ ಹೋದ್ರೆ ಹೋಗ್ಲಿ.

ಆಮೇಲೆ ಪುಡಿ ಪರೀಕ್ಷೆ. ಕಾಲು ಕತ್ತರಿಸಿ ಕೊಡೇನ ಅರ್ಧ ಬಿಳಿ ಅರ್ಧ ಕಪ್ಪು ಇರೋ ಹಾಳೆ ಮೇಲೆ ಪದರ ಕೆಳಗೆ ಮಾಡಿ ಇಡಿ, ಮೇಲೆ ಎರಡು ತೊಟ್ಟು ನೀರು ಹಾಕಿ ಬಟ್ಟಲು ಮುಚ್ಚಿ. ನಾಲ್ಕೈದು ಗಂಟೆಗೆ ಬರಬಹುದು, ರಾತ್ರಿಯೆಲ್ಲಾ ಬಿಟ್ರೆ ಗ್ಯಾರಂಟಿ. ಹುತ್ತದಣಬೆ ಪುಡಿ ಕೆನೆ ಬಣ್ಣದಿಂದ ತಿಳಿ ಗುಲಾಬಿ. ಹಸಿರು ಬಂದ್ರೆ ನನ್ನ ಕಥೆ. ಕಪ್ಪು, ಕಂದು, ತುಕ್ಕು ಬಣ್ಣ ಬಂದ್ರೂ ನಮ್ಮದಲ್ಲ. ಅಪ್ಪಟ ಬಿಳಿ ಬಂದ್ರೆ ಬುಡ ಸರಿಯಾಗಿ ನೋಡಿದ್ನಾ ಅಂತ ಮತ್ತೆ ಕೇಳ್ಕೊಳ್ಳಿ, ಅಮಾನಿಟಾ ಪುಡಿ ಬಿಳಿ. ಗುಲಾಬಿ ಬಂತು ಅಂತ ಕುಣಿಯೋದೂ ಬೇಡ, ಎಂಟೋಲೋಮಾ ಅಂತ ಇನ್ನೊಂದು ಕುಲ ಇದೆ, ಅದ್ರ ಪುಡಿನೂ ಗುಲಾಬಿನೇ, ಅದ್ರಲ್ಲಿ ವಿಷದವೂ ಇವೆ, ಆದ್ರೆ ಅದಕ್ಕೆ ಇಲಿ ಬಾಲದ ಬೇರಿಲ್ಲ. ಬೇರು, ಮೊಟ್ಟು, ಪದರ, ಪುಡಿ, ನಾಲ್ಕೂ ಒಟ್ಟಿಗೆ ಒಂದೇ ಮಾತು ಹೇಳ್ಬೇಕು, ಮೂರು ಹೌದು ಅಂದು ಒಂದು ಅಲ್ಲ ಅಂದ್ರೆ ಅದು ಅಲ್ಲ ಅಂತ್ಲೇ ಲೆಕ್ಕ.

ಹುತ್ತದ ಹತ್ರ ಎದ್ದಿದ್ದೆಲ್ಲಾ ಹುತ್ತದಣಬೆ ಅನ್ನೋ ತಪ್ಪು ತಿಳುವಳಿಕೆ ಬಹಳ ಜನಕ್ಕಿದೆ. ಗೆದ್ದಲು ಬಿಟ್ಟುಹೋದ ಹಳೇ ಗೂಡಲ್ಲಿ ಕಪ್ಪು ಕಡ್ಡಿ ಥರ ಒಂದು ಏಳುತ್ತೆ, ಸೈಲೇರಿಯಾ ಅಂತ, ಅದು ಅಡುಗೆಗೆ ಬರೋ ವಸ್ತು ಅಲ್ಲ. ಒಣ ಸೀಮೇಲಿ ಹುತ್ತದ ಮೇಲೆ ಮುಚ್ಚಿದ ಛತ್ರಿ ಥರ ಉದ್ದುದ್ದ ನಿಲ್ಲೋ ಪೊಡಾಕ್ಸಿಸ್ ಇದೆ, ಕೊಡೆ ಬಿಚ್ಚೋದೇ ಇಲ್ಲ, ಒಳಗೆ ಆಮೇಲೆ ಕರೀ ಪುಡಿ ತುಂಬ್ಕೊಳ್ಳುತ್ತೆ. ರಾಜಸ್ಥಾನದ ಕಡೆ ಎಳೇದನ್ನ ತಿಂತಾರೆ, ನಾನು ಮುಟ್ಟಿಲ್ಲ. ಇನ್ನು ಬಟಾಣಿ ಗಾತ್ರದ ಬಿಳೀ ಅಣಬೆ ನೂರಾರು ಒಟ್ಟಿಗೆ ಅಕ್ಕಿ ಚೆಲ್ಲಿದ ಹಾಗೆ ಏಳ್ತವಲ್ಲ, ಅಕ್ಕಿ ಅಣಬೆ ಅಂತಾರೆ, ಅದೂ ಟರ್ಮಿಟೋಮೈಸಿಸ್ ಕುಲದ್ದೇ, ಗೆದ್ದಲು ಗೂಡಿನ ಚೂರನ್ನ ಹೊರಗೆ ತಂದು ಹಾಕಿದಾಗ ಅದ್ರ ಮೇಲೆ ಬರುತ್ತೆ, ರುಚಿನೂ ಜೋರು. ಆದ್ರೆ ಉದ್ದ ಬೇರಿನ ಗುರುತು ಇಲ್ಲಿ ಸಿಗಲ್ಲ, ಬಿಳೀ ಸಣ್ಣ ಅಣಬೆ ಬೇರೆ ಹತ್ತಾರು ಜಾತಿ ಇವೆ, ಹಾಗಾಗಿ ತಿಳಿದೋರು ಕೈಗೆ ಕೊಟ್ಟು ತೋರಿಸೋ ತನಕ ಇದು ಬೇಡ.

ನೀಲಗಿರಿ ತೋಪಿನ ಮಾತು ಬೇರೆಯಾಗೇ ಹೇಳ್ಬೇಕು, ಕೋಲಾರ ಚಿಕ್ಕಬಳ್ಳಾಪುರದಲ್ಲಿ ಎಲ್ಲಿ ನೋಡಿದ್ರೂ ಅದೇ ಇತ್ತಲ್ಲ. ಕೆಲವು ಅಣಬೆ ಮರದ ಬೇರಿನ ಜೊತೆ ಕೊಡು ಕೊಳ್ಳೋ ಸಂಬಂಧ ಇಟ್ಕೊಂಡು ಬದುಕ್ತವೆ, ನೀಲಗಿರಿ ಅಂಥ ಮರ, ಅಮಾನಿಟಾಗಳಲ್ಲಿ ಬಹುಪಾಲು ಅಂಥ ಅಣಬೆ. ನೀಲಗಿರಿ ಬುಡದಲ್ಲಿ ಆಲೂಗಡ್ಡೆ ಥರ ಗುಂಡಗೆ ಏಳೋದು ನೋಡಿರ್ತೀರ, ಒದ್ದರೆ ಕಂದು ಪುಡಿ ಹಾರುತ್ತೆ, ಅವು ಪಿಸೋಲಿಥಸ್, ಸ್ಕ್ಲೆರೋಡರ್ಮಾ ಅನ್ನೋ ಜಾತಿ, ಎರಡನೇದು ತಿಂದ್ರೆ ವಾಂತಿ. ಗುಂಡಣಬೆ ಯಾವುದೇ ಸಿಗ್ಲಿ, ಉದ್ದಕ್ಕೆ ಎರಡು ಹೋಳು ಮಾಡಿ ನೋಡಿ, ಒಳಗೆ ಪುಟ್ಟ ಕೊಡೆ, ಕಾಲು ಚಿತ್ರ ಬರೆದ ಹಾಗೆ ಕಂಡ್ರೆ ಅದು ಇನ್ನೂ ಮೊಟ್ಟೇಲಿರೋ ಅಮಾನಿಟಾ ಇರಬಹುದು. ನನ್ನ ಮಟ್ಟಿಗೆ ನೀಲಗಿರಿ ತೋಪಲ್ಲಿ ಅಣಬೆ ಕೀಳೋದೇ ಇಲ್ಲ. ತೆಂಗಿನ ಬುಡದಲ್ಲಿ ಮರದ ಚಕ್ಕೆ ಥರ ಗಟ್ಟಿಯಾಗಿ ಕೆಂಪು ಕಂದು ಬಣ್ಣದ್ದು ಬಂದ್ರೆ ಅದು ಗ್ಯಾನೋಡರ್ಮಾ, ಅಡುಗೆ ವಿಷಯ ಅಲ್ಲ, ಮರಕ್ಕೆ ಅಣಬೆ ರೋಗ ಬಂದಿದೆ ಅಂತ. ತಿಪಟೂರಿನೋರಿಗೆ ಇದನ್ನ ಹೇಳೋ ಅಗತ್ಯ ಇಲ್ಲ.

ಕೆಲವು ಜಾಗದಲ್ಲಿ ಒಳ್ಳೇ ಅಣಬೆ ಎದ್ರೂ ಕೀಳ್ಬಾರ್ದು. ಅಣಬೆ ಮಣ್ಣಲ್ಲಿರೋ ಸೀಸ, ಕ್ಯಾಡ್ಮಿಯಂ, ಪಾದರಸ ಇಂಥದ್ದನ್ನೆಲ್ಲಾ ಹೀರಿ ಕೂಡಿಟ್ಕೊಳ್ಳುತ್ತೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ್ರೂ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ, ಅದ್ರ ಸುತ್ತಮುತ್ತ, ಗಾಳಿಗೆ ಅದ್ರ ದೂಳು ಬೀಳೋ ಹೊಲದಲ್ಲಿ ಬೇಡ. ಹೈವೇ ಪಕ್ಕ, ಇಂಡಸ್ಟ್ರಿಯಲ್ ಏರಿಯಾ ಮೋರಿ ಪಕ್ಕ ಬೇಡ. ಔಷಧಿ ಹೊಡೆದ ಟೊಮ್ಯಾಟೊ ತೋಟ, ದ್ರಾಕ್ಷಿ ತೋಟ, ಹೂ ಬಿಟ್ಟಾಗ ಸ್ಪ್ರೇ ಆದ ಮಾವಿನ ತೋಪು, ಅಲ್ಲಿ ಮಾಲೀಕರನ್ನ ಕೇಳದೆ ಬೇಡ. ಇನ್ನು ಕಾನೂನು, ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ದೆ ಏನೂ ತರೋ ಹಾಗಿಲ್ಲ, ವನ್ಯಜೀವಿ ಧಾಮದಲ್ಲಂತೂ 1972ರ ಕಾಯ್ದೆ ಇನ್ನೂ ಬಿಗಿ. ಮಧುಗಿರಿ ಮೈದನಹಳ್ಳಿ ಕೃಷ್ಣಮೃಗದ ಜಾಗ, ಶಿರಾದ ಬುಕ್ಕಾಪಟ್ಟಣ ಚಿಂಕಾರ ಧಾಮ ಇವೆಲ್ಲಾ ನೋಡೋಕೆ, ಕೀಳೋಕಲ್ಲ. ನಮ್ಮ ಹೊಲದ ಬದು ಸಾಕು ಬಿಡಿ.

ಈಗ ಮನೇಲಿ ಅಡುಗೆಮನೆಯೊಳಗೆ ನಡೆಯೋ ಪರೀಕ್ಷೆಗಳ ಬಗ್ಗೆ, ಇದನ್ನ ಓದಿ ಯಾರಾದ್ರೂ ಅಜ್ಜಿಯರು ಬೈದ್ರೂ ಪರ್ವಾಗಿಲ್ಲ. ಬೆಳ್ಳಿ ಕಾಸು ಹಾಕಿ ಕುದಿಸಿದ್ರೆ ವಿಷ ಇದ್ರೆ ಕಪ್ಪಾಗುತ್ತೆ ಅಂತಾರೆ, ಸುಳ್ಳು. ಬೆಳ್ಳುಳ್ಳಿ ಬಣ್ಣ ತಿರುಗುತ್ತೆ, ಅಕ್ಕಿ ಕೆಂಪಾಗುತ್ತೆ, ಸುಳ್ಳು. ಹುಳ ತಿಂದಿದೆ ಅಂದ್ರೆ ನಾವೂ ತಿನ್ನಬಹುದು, ಇದು ಎಲ್ಲಕ್ಕಿಂತ ಕೆಟ್ಟ ಸುಳ್ಳು, ಹುಳದ ಹೊಟ್ಟೆ ಬೇರೆ ನಮ್ಮ ಹೊಟ್ಟೆ ಬೇರೆ, ಸಾಯಿಸೋ ಅಣಬೇಲೂ ಹುಳ ಆರಾಮಾಗಿ ಓಡಾಡ್ಕೊಂಡಿರುತ್ತೆ. ನಾಯಿಗೆ ಹಾಕಿ ಅರ್ಧ ಗಂಟೆ ನೋಡೋದು ಪಾಪದ ಕೆಲಸ, ಪ್ರಯೋಜನನೂ ಇಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅರಿಶಿನ ಹುಣಸೆ ಹಾಕಿ ಬೇಯಿಸಿದ್ರೆ ವಿಷ ಮುರಿಯುತ್ತೆ ಅಂತಾರೆ. ಅಮಾನಿಟಾದ ವಿಷ ಅಮಾಟಾಕ್ಸಿನ್, ಅದು ಕುದಿಸಿದ್ರೂ, ಹುರಿದ್ರೂ, ಒಣಗಿಸಿದ್ರೂ, ಫ್ರಿಡ್ಜಲ್ಲಿಟ್ರೂ ಹಾಗೇ ಇರುತ್ತೆ. ಮೊಬೈಲ್ ಆ್ಯಪಲ್ಲಿ ಫೋಟೋ ಹಾಕಿ ತಿನ್ನೋರೂ ಇದ್ದಾರೆ ಈಗ, ಫೋಟೋಲಿ ಬೇರು ಕಾಣುತ್ತಾ ಸ್ವಾಮಿ? ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ರೆ ಅಂತೂ "ಸೂಪರ್, ಎಲ್ಲಿ ಸಿಕ್ತು" ಅನ್ನೋ ರಿಪ್ಲೈ ಬಿಟ್ರೆ ಬೇರೇನೂ ಬರಲ್ಲ.

ಮುಟ್ಟಿದ್ರೆ ವಿಷ ಏರುತ್ತೆ ಅನ್ನೋದೂ ಸುಳ್ಳೇ. ಕೈಯಲ್ಲಿ ಹಿಡ್ದು ನೋಡಿ, ಸೀಳಿ, ಮೂಸಿ, ಆಮೇಲೆ ಸೋಪಲ್ಲಿ ಕೈ ತೊಳ್ಕೊಳ್ಳಿ, ಅಷ್ಟೇ. ಮಕ್ಕಳಿಗೆ ಹೆದರಿಸೋದಕ್ಕಿಂತ ಬಾಯಿಗೆ ಹಾಕ್ಬಾರ್ದು ಅಂತ ಕಲ್ಸಿ. ಗೊತ್ತಿಲ್ಲದ್ದನ್ನ ಗೊತ್ತಿರೋದ್ರ ಜೊತೆ ಒಂದೇ ಬುಟ್ಟಿಗೆ ಹಾಕ್ಬೇಡಿ, ಚೂರು ಮುರಿದು ಬೆರೆತ್ರೆ ಅಲ್ಲಿಗೆ ಮುಗೀತು.

ಹೊಟ್ಟೆ ಕೆಟ್ರೆ ಏನು ಮಾಡೋದು, ಇಲ್ಲಿ ಗಡಿಯಾರ ನೋಡೋದು ಬಹಳ ಮುಖ್ಯ. ನನಗಾದ ಹಾಗೆ ಅರ್ಧ ಗಂಟೆಯಿಂದ ಮೂರು ಗಂಟೆ ಒಳಗೆ ವಾಂತಿ ಭೇದಿ ಶುರುವಾದ್ರೆ ಹೆಚ್ಚಾಗಿ ಅದು ಹೊಟ್ಟೆ ಕೆಡಿಸೋ ಜಾತಿ, ನೀರು ಖಾಲಿಯಾಗೋದೇ ಅಪಾಯ, ಮಕ್ಕಳಿಗೆ ವಯಸ್ಸಾದೋರಿಗೆ ಅದೂ ದೊಡ್ಡದೇ. ಬೆವರು, ಜೊಲ್ಲು, ಕಣ್ಣೀರು ಒಟ್ಟಿಗೆ ಸುರೀತಾ ಇದ್ರೆ ಮಸ್ಕರಿನ್ ಅನ್ನೋ ವಿಷ, ಅದಕ್ಕೆ ಆಸ್ಪತ್ರೇಲಿ ಅಟ್ರೋಪಿನ್ ಇದೆ. ಹೆದರ್ಬೇಕಾಗಿರೋದು ತಡವಾಗಿ ಬರೋದಕ್ಕೆ. ಊಟ ಆಗಿ ಆರು ಗಂಟೆ, ಹನ್ನೆರಡು ಗಂಟೆ, ಒಂದು ದಿನದ ತನಕ ಏನೂ ಆಗಲ್ಲ, ಆಮೇಲೆ ಜೋರು ವಾಂತಿ ಭೇದಿ, ಮಾರನೇ ದಿನ ತಾನಾಗೇ ಕಮ್ಮಿಯಾಗುತ್ತೆ, ಮನೆಯೋರು ಗೆದ್ವಿ ಅನ್ಕೋತಾರೆ, ಒಳಗೆ ಲಿವರ್ ಸಾಯ್ತಾ ಇರುತ್ತೆ, ಎರಡು ಮೂರು ದಿನಕ್ಕೆ ಕಣ್ಣು ಹಳದಿ, ಆಮೇಲೆ ಎಚ್ಚರ ತಪ್ಪೋದು. ಅಮಾಟಾಕ್ಸಿನ್ ಕೆಲಸ ಇದು. ನಾಯಿಗೆ ಹಾಕಿ ಅರ್ಧ ಗಂಟೆ ಕಾಯೋದು ಯಾಕೆ ದಂಡ ಅಂತ ಈಗ ಗೊತ್ತಾಯ್ತಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಲ್ಲಿ ಕಾಡಣಬೆ ತಿಂದು ಕೆಲವೇ ದಿನದಲ್ಲಿ 13 ಜನ ಸತ್ರು, ಬಹಳಷ್ಟು ಟೀ ತೋಟದ ಕಡೆ ಜನ, ಅವರೂ ನಮ್ಮ ಹಾಗೆ ಹುಟ್ಟಿದಾಗಿಂದ ಅಣಬೆ ತಿಂದ್ಕೊಂಡು ಬಂದೋರೇ.

ಅನುಮಾನ ಬಂದ ತಕ್ಷಣ 108ಕ್ಕೆ ಫೋನ್ ಮಾಡಿ, ಇಲ್ಲಾ ಗಾಡಿ ಮಾಡ್ಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ. ದೆಹಲಿ ಏಮ್ಸ್‌ನಲ್ಲಿ ವಿಷದ ಮಾಹಿತಿ ಕೇಂದ್ರ ಇದೆ, 1800 116 117, ಟೋಲ್ ಫ್ರೀ, ಡಾಕ್ಟ್ರೇ ಬೇಕಾದ್ರೂ ಅಲ್ಲಿ ಕೇಳಬಹುದು. ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಸೋಕೆ ಹೋಗ್ಬೇಡಿ, ಮಜ್ಜಿಗೆ, ಮೊಟ್ಟೆ, ಎಣ್ಣೆ ಅಂತ ಮನೆ ಮದ್ದಲ್ಲಿ ಟೈಮ್ ಕಳೀಬೇಡಿ. ಒಬ್ರಿಗೆ ಬಂದಿದೆ ಅಂದ್ರೆ ಆ ಸಾರು ಉಂಡೋರೆಲ್ಲಾ ಹೋಗ್ಬೇಕು, ಚೆನ್ನಾಗಿರೋರೂ ಸೇರಿ. ಎಷ್ಟು ಹೊತ್ತಿಗೆ ತಿಂದ್ರಿ, ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಚೀಟೀಲಿ ಬರ್ಕೊಳ್ಳಿ, ಆ ಗಾಬರೀಲಿ ನೆನಪಿರಲ್ಲ. ತಡವಾಗಿ ಶುರುವಾದ ಕೇಸ್ ಆದ್ರೆ ವಾಂತಿ ನಿಂತಿದೆ ಅಂತ ಮನೆಗೆ ಹೊರಡ್ಬೇಡಿ, ಲಿವರ್ ಟೆಸ್ಟ್ ಮಾಡ್ಸಿ, ಬೆಂಗಳೂರಿಗೆ ಕಳ್ಸಿದ್ರೆ ತಕರಾರು ಮಾಡ್ದೆ ಹೋಗಿ.

ಇನ್ನು ಉಣ್ಣೋ ಮಾತು. ಪ್ಲಾಸ್ಟಿಕ್ ಕವರಲ್ಲಿ ತಂದ್ರೆ ಬೆವೆತು ಮನೆ ಸೇರೋ ಹೊತ್ತಿಗೆ ನಾತ, ಬುಟ್ಟಿಗೋ ಪೇಪರ್ ಕವರಿಗೋ ಹಾಕ್ಕೊಳ್ಳಿ. ಒಳ್ಳೇ ಅಣಬೆ ಹಳಸಿದ್ರೂ ಹೊಟ್ಟೆ ಕೆಡುತ್ತೆ, ಕಿತ್ತ ದಿನವೇ ಮಾಡ್ಬೇಕು, ಬಹಳ ಅಂದ್ರೆ ಫ್ರಿಡ್ಜಲ್ಲಿ ಒಂದು ದಿನ. ಪುಡಿ ಪರೀಕ್ಷೆಗೆ ರಾತ್ರಿ ಬೇಕಲ್ಲ, ಆ ಒಂದು ದಿನ ಅದಕ್ಕೇ. ಬುಡದ ಮಣ್ಣು ಕೆರೆದು, ಕೊಡೆ ಅಡಿ ಹುಳ ನೋಡಿ, ಎರಡು ಮೂರು ನೀರಲ್ಲಿ ಬೇಗ ಬೇಗ ತೊಳೀರಿ, ನೆನೆ ಹಾಕಿದ್ರೆ ಸ್ಪಂಜಿನ ಥರ ನೀರು ಕುಡಿಯುತ್ತೆ. ಹಸಿ ತಿನ್ನಬಾರ್ದು, ಅರೆಬೆಂದದ್ದೂ ಬೇಡ. ನಮ್ಮ ಮನೇಲಿ ಕೋಳಿ ಸಾರಿನ ಖಾರನೇ ಹಾಕೋದು, ಈರುಳ್ಳಿ ಬೆಳ್ಳುಳ್ಳಿ ಹುರಿದು, ಧನ್ಯ, ಕಾಯಿ, ಚಕ್ಕೆ ಲವಂಗ ರುಬ್ಬಿ, ಅಣಬೇನ ಮೊದಲು ಎಣ್ಣೇಲಿ ಬಾಡಿಸಿ ಅದ್ರ ನೀರು ಬಿಟ್ಟು ಇಂಗೋ ತನಕ ಹುರಿದು, ಆಮೇಲೆ ಖಾರ ಹಾಕಿ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸೋದು, ಬಿಸಿ ಮುದ್ದೆ ಜೊತೆ. ಮೊದಲನೇ ಸಲ ತಿನ್ನೋರು ಎರಡು ಚಮಚ ತಿಂದು ಆ ದಿನ ಸುಮ್ನಿರಿ, ಒಳ್ಳೇ ಅಣಬೇನೂ ಕೆಲವ್ರಿಗೆ ಒಗ್ಗಲ್ಲ. ಚಿಕ್ಕ ಮಕ್ಕಳಿಗೆ, ಬಸುರಿ ಹೆಂಗಸ್ರಿಗೆ ಕಾಡಣಬೆ ನಾವು ಕೊಡಲ್ಲ. ಅಣಬೆ ಸಾರಿನ ದಿನ ಎಣ್ಣೆ ಪಾರ್ಟಿ ಬೇಡ, ಇಂಕಿನ ಹಾಗೆ ಕರಗಿ ಹೋಗೋ ಒಂದು ಜಾತಿ ಅಣಬೆ ಇದೆ, ಅದು ಬರೀ ತಿಂದ್ರೆ ಏನೂ ಮಾಡಲ್ಲ, ಮೇಲೆ ಡ್ರಿಂಕ್ಸ್ ಬಿದ್ರೆ ಮುಖ ಕೆಂಪೇರಿ ಎದೆ ಹೊಡ್ಕೊಳ್ಳುತ್ತೆ. ಹುತ್ತದಣಬೇಗೆ ಆ ಗುಣ ಇಲ್ಲ, ಆದ್ರೆ ಹೊಟ್ಟೆ ಕೆಟ್ರೆ ಯಾವುದ್ರಿಂದ ಅಂತ ಗೊತ್ತಾಗ್ಬೇಕಲ್ಲ.

ತೊಳೆಯೋಕೆ ಮುಂಚೆ ಒಂದು ಅಣಬೆ, ಬೇರು ಸಮೇತ, ಪೇಪರಲ್ಲಿ ಸುತ್ತಿ ತಾರೀಕು, ಕಿತ್ತ ಜಾಗ ಬರೆದು ಫ್ರಿಡ್ಜಲ್ಲಿ ಪಕ್ಕಕ್ಕೆ ಇಡಿ. ಎಲ್ಲಾ ಸರಿ ಇದ್ರೆ ಮೂರನೇ ದಿನ ಬಿಸಾಕಿ. ನಮ್ಮನೇಲಿ ಮಳೆಗಾಲದಲ್ಲಿ ಫ್ರಿಡ್ಜಿನ ಬಾಗಿಲಲ್ಲಿ ಅಂಥದ್ದೊಂದು ಪೊಟ್ಟಣ ಇದ್ದೇ ಇರುತ್ತೆ, ಮೇಲೆ ನನ್ನ ಹೆಂಡ್ತಿ ಕೈಬರಹದಲ್ಲಿ "ಡಾಕ್ಟ್ರಿಗೆ" ಅಂತ ಬರೆದಿರುತ್ತೆ.